ಕಾಳಿ ದಂಡೆಯ ಸಿಪಾಯಿ, 117ನೇ ಮರಾಠಾ ಪಲಟಣ

ಸೋಮವಾರ, ಕಾರವಾರ

ಅಜ್ಜನ ತಂದೆಯನ್ನು ಹುಡುಕಿಕೊಂಡು ಕಾರವಾರದಲ್ಲಿ ರೈಲಿನಿಂದ ಇಳಿದಾಗ ನನ್ನ ಬಳಿ ಇದ್ದ ಆಧಾರಗಳೆಂದರೆ ಕಂಚಿನ ಎರಡು ವಸ್ತುಗಳು ಮಾತ್ರ. ಒಂದು, ಮೇಲೆ ಕಿರೀಟವೂ ನಡುವೆ ಅಡ್ಡಕತ್ತಿಗಳೂ 1914–15 ಎಂಬ ಪಟ್ಟಿಯೂ ಇರುವ ನಕ್ಷತ್ರಾಕಾರದ ಪದಕ. ಇನ್ನೊಂದು, ಅಂಗೈಗಿಂತ ಅಗಲವಾದ ದುಂಡು ಫಲಕ. ಅದರಲ್ಲಿ ಬ್ರಿಟಾನಿಯಾ ದೇವಿ, ಅವಳ ಕಾಲ ಬಳಿ ಸಿಂಹ, ಪಕ್ಕದ ಚೌಕದಲ್ಲಿ ಉಬ್ಬಕ್ಷರದ ಒಂದು ಹೆಸರು. ಮೊದಲ ಮಹಾಯುದ್ಧದಲ್ಲಿ ಸತ್ತವರ ಮನೆಗಳಿಗೆ ಬ್ರಿಟಿಷ್ ಸರ್ಕಾರ ಇಂಥ ಹದಿಮೂರು ಲಕ್ಷಕ್ಕೂ ಹೆಚ್ಚು ಫಲಕಗಳನ್ನು ಕಳಿಸಿತ್ತು. ಸಾವಿನಲ್ಲಿ ದೊಡ್ಡವರು ಚಿಕ್ಕವರು ಎಂಬ ಭೇದ ಬೇಡವೆಂದು ಅವುಗಳಲ್ಲಿ ಹುದ್ದೆಯನ್ನು ಅಚ್ಚು ಹಾಕಿಸಿರಲಿಲ್ಲ. ಉದ್ದೇಶ ದೊಡ್ಡದೇ ಇರಬಹುದು, ಆದರೆ ನೂರು ವರ್ಷಗಳ ಮೇಲೆ ಹುಡುಕಲು ಹೊರಟವನಿಗೆ ಅದರಿಂದ ಏನೂ ಪ್ರಯೋಜನವಿಲ್ಲ: ಹುದ್ದೆ ಇಲ್ಲ, ಪಲಟಣದ ಹೆಸರಿಲ್ಲ, ನಂಬರಿಲ್ಲ.

ಇವೆಲ್ಲ ಇರುವುದು ನಕ್ಷತ್ರದ ಬೆನ್ನಿನಲ್ಲಿ. ಈ ಪದಕದ ಹಿಂಬದಿಯಲ್ಲಿ ಸೈನಿಕನ ನಂಬರು, ಹುದ್ದೆ, ಹೆಸರು, ಪಲಟಣ ಇಷ್ಟನ್ನೂ ಒತ್ತಿರುತ್ತಾರೆ. ನಮ್ಮ ಮನೆಯಲ್ಲಿ ಈ ಕಂಚನ್ನು ದೇವರ ಕೋಣೆಯಲ್ಲಿ ಇಟ್ಟಿದ್ದರು. ಪ್ರತಿ ದೀಪಾವಳಿಗೆ ಪೂಜೆಯ ಪಾತ್ರೆಗಳ ಜೊತೆಗೆ ಇದಕ್ಕೂ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದರು. ಹೀಗೆ ಭಕ್ತಿಯಿಂದ ಉಜ್ಜಿದ ಕೈಗಳೇ ಅಕ್ಷರಗಳನ್ನು ಸವೆಸಿವೆ. '117 ಮರಾಠಾಸ್' ಎಂಬುದು ಸ್ಪಷ್ಟವಾಗಿದೆ, ಹೆಸರು ಊಹೆಗೆ ಸಿಗುತ್ತದೆ. ನಾಲ್ಕಂಕಿಯ ನಂಬರಿನಲ್ಲಿ ಎರಡನೆಯ ಅಂಕಿ ಮಾತ್ರ ಮೂರೋ ಎಂಟೋ ತಿಳಿಯುವುದಿಲ್ಲ. ಇವುಗಳ ಜೊತೆ ಬಂದಿದ್ದ ಬೆಳ್ಳಿಯ ಯುದ್ಧಪದಕ ಯಾರದೋ ಮದುವೆಯಲ್ಲಿ ಕಾಲ್ಗೆಜ್ಜೆಯಾಯಿತೆಂದು ಕೇಳಿದ್ದೇನೆ. ಬೆಳ್ಳಿಯ ಪದಕಗಳು ಅಕ್ಕಸಾಲಿಗನ ಮೂಸೆ ಸೇರಿ, ಮಾರಿದರೆ ನಾಲ್ಕು ಕಾಸು ಬಾರದ ಕಂಚಿನವು ಮಾತ್ರ ಉಳಿದ ಮನೆ ನಮ್ಮದೊಂದೇ ಇರಲಾರದು.

ಬೆಳಗ್ಗೆ ಮೊದಲು ಹೋದದ್ದು ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ. ಅಲ್ಲಿಯ ಕಡತಗಳು ಸ್ವಾತಂತ್ರ್ಯಾನಂತರದ ಮಾಜಿ ಸೈನಿಕರು ಮತ್ತು ಅವರ ಕುಟುಂಬಗಳವು. ಮೊದಲ ಮಹಾಯುದ್ಧದಲ್ಲಿ ಸತ್ತವನ ಸುಳಿವು ಅಲ್ಲಿ ಸಿಗುತ್ತದೆಂಬ ನಿರೀಕ್ಷೆ ನನಗೂ ಇರಲಿಲ್ಲ. ಆದರೆ ಅಲ್ಲಿ ಕುಳಿತಿದ್ದ ನಿವೃತ್ತ ಸುಬೇದಾರರೊಬ್ಬರು, ಯಾವ ಪುಸ್ತಕದಲ್ಲೂ ನಾನು ಇಷ್ಟು ಸ್ಪಷ್ಟವಾಗಿ ಓದಿರದ ಒಂದು ಸಂಗತಿಯನ್ನು ತಿಳಿಯುವಂತೆ ಹೇಳಿದರು. ಭಾರತೀಯ ಸೈನ್ಯದಲ್ಲಿ ಸಿಪಾಯಿಯ ಕಾಗದ ಸಿಪಾಯಿಯ ಜೊತೆ ಹೋಗುವುದಿಲ್ಲ, ಪಲಟಣದ ಜೊತೆ ಹೋಗುತ್ತದೆ. ಭರ್ತಿಯಾದ ದಿನ ಬರೆಯುವ ಶೀಟ್ ರೋಲ್‌ನಲ್ಲಿ ಅವನ ಊರು, ತಾಲ್ಲೂಕು, ಜಾತಿ, ಎತ್ತರ, ಮೈಮೇಲಿನ ಮಚ್ಚೆ, ವಾರಸುದಾರರ ಹೆಸರು ಎಲ್ಲವೂ ಇರುತ್ತವೆ. ಅದು ರೆಜಿಮೆಂಟಿನ ಅಭಿಲೇಖ ಕಚೇರಿಯಲ್ಲಿ ಉಳಿಯುತ್ತದೆ. ಪಿಂಚಣಿ ಪಡೆಯದವರ ಕಾಗದಗಳನ್ನು ಇಪ್ಪತ್ತೈದು ವರ್ಷಗಳ ನಂತರ ನಾಶಪಡಿಸುವುದು ನಿಯಮ. ಆಮೇಲೆ ಉಳಿಯುವುದು ಲಾಂಗ್ ರೋಲ್ ಎಂಬ ಉದ್ದನೆಯ ಪಟ್ಟಿ, ಅದರಲ್ಲಿ ಒಬ್ಬ ಮನುಷ್ಯನಿಗೆ ಒಂದು ಸಾಲು. ಆ ಸಾಲನ್ನು ಹೆಸರಿನಿಂದ ಹುಡುಕಲಾಗದು, ನಂಬರಿನಿಂದ ಹುಡುಕಬೇಕು. "ಒಂದೇ ಹೆಸರಿನ ಹತ್ತು ಜನ ಒಂದೇ ಕಂಪನಿಯಲ್ಲಿ ಇರುತ್ತಿದ್ದರು ಮಾರಾಯರೇ, ನಂಬರು ಮಾತ್ರ ಒಬ್ಬನದೇ," ಎಂದರು.

117ನೇ ಪಲಟಣದ ಕಾಗದಗಳು ಹೋಗಿರಬೇಕಾದ ದಾರಿಯನ್ನೂ ಅವರೇ ಹೇಳಿದರು. ಬ್ರಿಟಿಷರ ಕಾಲದ ಮರಾಠಾ ಪಲಟಣಗಳನ್ನು 1922ರಲ್ಲಿ ಒಟ್ಟುಗೂಡಿಸಿ 5ನೇ ಮರಾಠಾ ಲೈಟ್ ಇನ್‌ಫೆಂಟ್ರಿ ಎಂಬ ಒಂದೇ ರೆಜಿಮೆಂಟ್ ಮಾಡಿದರು. 117ನೆಯದು ಅದರ ಐದನೆಯ ಬೆಟಾಲಿಯನ್ ಆಯಿತು. ರೆಜಿಮೆಂಟಿನ ಕೇಂದ್ರ ಅಂದಿನಿಂದ ಬೆಳಗಾವಿಯಲ್ಲಿದೆ. ಅರ್ಜಿ ಬೆಳಗಾವಿಗೆ ಹಾಕಬೇಕು, ಅದಕ್ಕೆ ನಂಬರು ಬೇಕು, ಮತ್ತು ನನ್ನ ನಂಬರಿನಲ್ಲಿ ಒಂದು ಅಂಕಿ ಇಲ್ಲ. ಸುಬೇದಾರರು ಪದಕವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಬಹಳ ಹೊತ್ತು ನೋಡಿ ಎಂಟು ಎಂದರು. ಮತ್ತೊಮ್ಮೆ ನೋಡಿ, ಮೂರೂ ಆಗಬಹುದು ಎಂದರು.

ಮಧ್ಯಾಹ್ನ ತಾಲ್ಲೂಕು ಕಚೇರಿಯ ದಾಖಲೆ ಕೋಣೆಗೆ ಹೋದೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರಿಂದ ಇಲ್ಲಿಯ ಹಳೆಯ ಜಮೀನು ಕಾಗದಗಳು ಮುಂಬೈ ಪದ್ಧತಿಯವು. ಖಾತೆದಾರ ಸತ್ತರೆ ಅವನ ಹಕ್ಕು ಯಾರಿಗೆ ಹೋಯಿತೆಂದು ಹಕ್ಕು ಬದಲಾವಣೆಯ ವಹಿಯಲ್ಲಿ ವಾರಸಾ ನೋಂದಣಿ ಆಗಬೇಕು. ಸೈನ್ಯ ತನ್ನ ಸಿಪಾಯಿಯನ್ನು ಮರೆಯಬಹುದು, ಕಂದಾಯ ಇಲಾಖೆ ತನ್ನ ಖಾತೆದಾರನನ್ನು ಅಷ್ಟು ಸುಲಭವಾಗಿ ಮರೆಯುವುದಿಲ್ಲ. ಸರ್ವೆ ನಂಬರನ್ನು ಅಪ್ಪನ ಹಳೆಯ ಕಾಗದದಿಂದ ಬರೆದುಕೊಂಡು ಬಂದಿದ್ದೆ. ನಕಲಿಗೆ ಅರ್ಜಿ ಕೊಟ್ಟೆ. ಶುಕ್ರವಾರ ಬನ್ನಿ ಎಂದರು.

ಸಂಜೆ ಕಡಲತೀರದಲ್ಲಿ ಯುದ್ಧನೌಕೆ ಚಪಲ್‌ನ ಸಂಗ್ರಹಾಲಯದ ಬಳಿ ಮೇಜರ್ ರಾಮಾ ರಾಘೋಬಾ ರಾಣೆಯವರ ಪ್ರತಿಮೆಯ ಮುಂದೆ ಸ್ವಲ್ಪ ಹೊತ್ತು ನಿಂತೆ. ಇದೇ ತಾಲ್ಲೂಕಿನ ಚೆಂಡಿಯಾ ಮೂಲದವರು, ಸೈನ್ಯದ ಇಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್‌ನವರು, ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದವರಲ್ಲಿ ಮೊದಲಿಗರು. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಾಜೌರಿಯ ದಾರಿಯಲ್ಲಿ ಅವರು ನೆಲಬಾಂಬುಗಳನ್ನೂ ಅಡೆತಡೆಗಳನ್ನೂ ತೆಗೆದ ಬಗೆ ಪ್ರಶಸ್ತಿಪತ್ರದಲ್ಲಿ ದಿನದ ಲೆಕ್ಕದಲ್ಲಿ ದಾಖಲಾಗಿದೆ. ಒಂದೇ ತಾಲ್ಲೂಕಿನ ಇಬ್ಬರು ಸೈನಿಕರಲ್ಲಿ ಒಬ್ಬರ ನಾಲ್ಕು ದಿನಗಳನ್ನು ನಾವು ಗಂಟೆಯ ಲೆಕ್ಕದಲ್ಲಿ ಬಲ್ಲೆವು. ಇನ್ನೊಬ್ಬನ ಇಡೀ ಸೇವೆಗೆ ಒಂದು ಸಾಲಾದರೂ ಇದೆಯೇ ಎಂಬುದು ನನ್ನ ಪ್ರಶ್ನೆಯಾಗಿತ್ತು.

ಮಂಗಳವಾರ, ಕಾಳಿಯ ಆಚೆ

ಮೂಲಮನೆ ಕಾಳಿ ನದಿಯ ಉತ್ತರ ದಂಡೆಯಲ್ಲಿದೆ. 2024ರ ಆಗಸ್ಟಿನಲ್ಲಿ ಕುಸಿದ ಹಳೆಯ ಸೇತುವೆಯ ಪಕ್ಕದ ಹೊಸ ಸೇತುವೆಯ ಮೇಲೆ ಬಸ್ಸು ಹೋಯಿತು. ಎದುರಿಗೆ ಸದಾಶಿವಗಡದ ಗುಡ್ಡ. ಮುತ್ತಜ್ಜನ ಕಾಲದಲ್ಲಿ ಇಲ್ಲಿ ಸೇತುವೆ ಇರಲಿಲ್ಲ, ತಾರಿ ಇತ್ತು. ರೈಲಂತೂ ಈ ದಂಡೆಗೆ ಬಂದದ್ದು ತೊಂಬತ್ತರ ದಶಕದಲ್ಲಿ. ಪಲಟಣ ಸೇರುವ ಹುಡುಗರು ತಾರಿ ದಾಟಿ ಕಾರವಾರ ಬಂದರಿನಲ್ಲಿ ಆಗಬೋಟು, ಅಂದರೆ ಉಗಿಹಡಗು, ಹತ್ತಿ ಮುಂಬೈಗೆ ಹೋಗುತ್ತಿದ್ದರು. ಮಳೆಗಾಲದಲ್ಲಿ ಆಗಬೋಟಿನ ಸಂಚಾರ ನಿಲ್ಲುತ್ತಿದ್ದುದರಿಂದ ರಜೆಯಲ್ಲಿ ಬಂದವರು ಆಷಾಢದೊಳಗೆ ಮರಳಬೇಕಿತ್ತು ಎಂಬ ಮಾತು ನಮ್ಮ ಮನೆಯಲ್ಲಿ ಇನ್ನೂ ಉಳಿದಿದೆ.

ಆ ಪಲಟಣಗಳಲ್ಲಿ ಮುಖ್ಯವಾಗಿ ಭರ್ತಿಯಾಗುತ್ತಿದ್ದವರು ದಖ್ಖನಿ ಮರಾಠರು, ಕೊಂಕಣಿ ಮರಾಠರು ಮತ್ತು ದಖ್ಖನಿ ಮುಸಲ್ಮಾನರು. ಕೊಂಕಣಿ ಮರಾಠರೆಂದರೆ ರತ್ನಾಗಿರಿ, ಸಾವಂತವಾಡಿಯ ಕಡೆಯವರೇ ಹೆಚ್ಚು. ಕಾರವಾರದವರು ಆ ಸಾಲಿನ ತುದಿಯಲ್ಲಿ ಬರುತ್ತಿದ್ದರು. ಸಿಪಾಯಿಯ ಸಂಬಳ ಆಗ ತಿಂಗಳಿಗೆ 11 ರೂಪಾಯಿ. ಹಿನ್ನೀರಿನ ಅಂಚಿನ ಗಜನಿ ಗದ್ದೆಯಲ್ಲಿ ಉಪ್ಪುನೀರು ನುಗ್ಗಿದ ವರ್ಷ ಕಾಳು ಕೈಗೆ ಹತ್ತದ ಮನೆಗೆ, ತಿಂಗಳು ತಪ್ಪದೆ ಬರುವ ಹನ್ನೊಂದು ರೂಪಾಯಿ ಸಣ್ಣ ಮೊತ್ತವಲ್ಲ. ರಾಜನಿಷ್ಠೆಯಿಂದ ಹೋದರು, ಶೌರ್ಯದಿಂದ ಹೋದರು ಎಂದು ಬರೆಯುವವರು ಈ ಹನ್ನೊಂದು ರೂಪಾಯಿಯನ್ನು ಮೊದಲು ಬರೆದು ಆಮೇಲೆ ಉಳಿದದ್ದನ್ನು ಬರೆದರೆ ಒಳ್ಳೆಯದು.

ಮನೆಯಲ್ಲಿ ಈಗ ಇರುವವರು ಅಪ್ಪನ ಸಂಬಂಧದಲ್ಲಿ ನನಗೆ ಅತ್ತೆಯಾಗಬೇಕಾದ ಹಿರಿಯರು. ಮುತ್ತಜ್ಜ ಹೇಗೆ ಸತ್ತರೆಂದು ಕೇಳಿದ್ದಕ್ಕೆ ಅವರು ನೇರ ಉತ್ತರ ಕೊಡಲಿಲ್ಲ. ಮುಂದಿನ ತಿಂಗಳು ಬರಲಿರುವ ಮಹಾಲಯದ ಮಾತು ತೆಗೆದರು. ಮನೆಮಾತಿನಲ್ಲಿ ಅದು ಮ್ಹಾಳ. ಪಿತೃಪಕ್ಷದಲ್ಲಿ ಆಯಾ ಹಿರಿಯರು ತೀರಿಕೊಂಡ ತಿಥಿಯಂದು ಎಡೆ ಇಡುವುದು, ತಿಥಿ ತಿಳಿಯದವರಿಗೆ ಅಮಾವಾಸ್ಯೆಯಂದು ಇಡುವುದು ರೂಢಿ. ಈ ಮನೆಯಲ್ಲಿ ಮುತ್ತಜ್ಜನಿಗೆ ಅಮಾವಾಸ್ಯೆಯಲ್ಲ, ಅದರ ಹಿಂದಿನ ದಿನದ ಘಾತ ಚತುರ್ದಶಿ. ಆಯುಧದಿಂದ ಸತ್ತವರಿಗೆ ಮೀಸಲಾದ ದಿನ ಅದು. ಈ ಪದ್ಧತಿಯನ್ನು ಮೊದಲು ಮಾಡಿದವರು ಮುತ್ತಜ್ಜಿ, ಅವರ ಸೊಸೆ ಮುಂದುವರಿಸಿದರು, ಈಗ ಅತ್ತೆ. ಹಾಗಾದರೆ ಗುಂಡೇಟಿನಿಂದ ಸತ್ತರೇ ಎಂದೆ. "ಚೌದಸಿಗೆ ಇಡುತ್ತೇವಲ್ಲ, ಇನ್ನೇನು," ಎಂದು ಅವರು ಒಳಗೆ ಹೋದರು. ಅವರ ಮಟ್ಟಿಗೆ ತಿಥಿಯೇ ದಾಖಲೆ. ಒಪ್ಪುವಂಥದ್ದೇ, ಯಾವ ಅಭಿಲೇಖ ಕಚೇರಿಯೂ ಒಂದು ಸಾಲನ್ನು ನೂರು ವರ್ಷ ಹೀಗೆ ವರ್ಷವರ್ಷ ತೆರೆದು ಓದಿರಲಾರದು.

ಊರಿನ ಶಾಲೆಯಲ್ಲಿ ಹಳೆಯ ದಾಖಲಾತಿ ವಹಿಗಳು ಕಪಾಟಿನ ಮೇಲುಗಡೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದವು. ಮುಖ್ಯ ಶಿಕ್ಷಕಿ ತಾವೇ ಕುರ್ಚಿ ಹತ್ತಿ ಇಳಿಸಿಕೊಟ್ಟರು. ಅಜ್ಜನ ಹೆಸರು 1918ರ ಜೂನ್ ತಿಂಗಳ ಪುಟದಲ್ಲಿ ಸಿಕ್ಕಿತು: ವಯಸ್ಸು ಆರು, ತಂದೆಯ ಹೆಸರಿನ ಮುಂದೆ ಉದ್ಯೋಗದ ಅಂಕಣದಲ್ಲಿ 'ಪಲಟಣದಲ್ಲಿ ನೌಕರಿ'. ಅದೇ ಪುಟದಲ್ಲಿ ತಂದೆ ಇಲ್ಲದ ಬೇರೆ ಇಬ್ಬರು ಮಕ್ಕಳ ಎದುರು 'ಮಯತ', ಅಂದರೆ ಸತ್ತಿದ್ದಾರೆ, ಎಂದು ಬರೆದಿದೆ. ಅಜ್ಜನ ಎದುರು ಇಲ್ಲ. ಅಂದರೆ 1918ರ ಜೂನ್‌ನಲ್ಲಿ ಮನೆಯವರ ಪಾಲಿಗೆ ಮುತ್ತಜ್ಜ ಜೀವಂತವಾಗಿದ್ದರು. ಪುಟದ ಫೋಟೋ ತೆಗೆದುಕೊಂಡೆ. ಅದರ ತೂಕ ತಿಳಿದದ್ದು ಗುರುವಾರ.

ಬುಧವಾರ, ಘಟ್ಟದ ಮೇಲೆ

ಅಂಕೋಲಾ, ಕುಮಟಾ, ದೇವಿಮನೆ ಘಟ್ಟ, ಶಿರಸಿ. ಶ್ರಾವಣದ ಮಳೆಯಲ್ಲಿ ದಾರಿಯ ಬಗ್ಗೆ ಹೇಳುವಂಥದ್ದು ವಿಶೇಷವಿಲ್ಲ, ಬಸ್ಸು ನಿಧಾನವಾಗಿತ್ತು ಎಂಬುದನ್ನು ಬಿಟ್ಟರೆ. ಮುತ್ತಜ್ಜಿ ಆರು ವರ್ಷದ ಮಗನನ್ನು ಕರೆದುಕೊಂಡು ಇದೇ ಘಟ್ಟ ಹತ್ತಿದ್ದರು. ಅವರ ಅಣ್ಣನೊಬ್ಬ ಶಿರಸಿಯ ಅಡಿಕೆ ವಖಾರಿಯಲ್ಲಿ ಕೆಲಸಕ್ಕಿದ್ದ. ತೋಟಗಾರರ ಸಹಕಾರಿ ಸಂಘ 1923ರಲ್ಲಿ ಹುಟ್ಟುವುದಕ್ಕೆ ಮುಂಚಿನ, ವ್ಯಾಪಾರಿಗಳ ವಖಾರಿಗಳ ಕಾಲ ಅದು. ಅಜ್ಜ ಬೆಳೆದದ್ದು ಇಲ್ಲಿ. ಹಾಗಾಗಿ ಮನೆಯ ಕಾಗದಗಳ ಪೆಟ್ಟಿಗೆ ಕರಾವಳಿಯಲ್ಲಿ ಉಳಿಯದೆ ಇಲ್ಲಿಯ ದಾಯಾದಿಗಳ ಅಟ್ಟ ಸೇರಿದೆ.

ಗುರುವಾರ, ಶಿರಸಿ

ಪೆಟ್ಟಿಗೆಯಲ್ಲಿ ಅಡಿಕೆ ಲೆಕ್ಕದ ಚೀಟಿಗಳು, ಮಾರಿಕಾಂಬಾ ಜಾತ್ರೆಯ ಕಾಲದ ಸಾಲಪತ್ರಗಳು, ಗೆದ್ದಲು ತಿಂದ ಪಂಚಾಂಗಗಳ ನಡುವೆ ಬಟ್ಟೆಯ ಬೆನ್ನು ಹಚ್ಚಿದ ಒಂದು ಮಡಿಕೆ ಕಾಗದ ಸಿಕ್ಕಿತು. ಸಿಪಾಯಿಯ ವಿಧವೆಗೆ ಖಜಾನೆಯಿಂದ ಹಣ ಪಡೆಯಲು ಕೊಟ್ಟ ಕುಟುಂಬ ಪಿಂಚಣಿಯ ಪತ್ರ ಅದು. ಮುದ್ರಿತ ಇಂಗ್ಲಿಷಿನ ನಡುವೆ ಕೈಬರಹದ ಅಂಕಣಗಳು. ನಂಬರು ಪೂರ್ತಿಯಾಗಿದೆ: ಎರಡನೆಯ ಅಂಕಿ ಎಂಟು. ಪಲಟಣ 117ನೇ ಮರಾಠಾಸ್. ಪತ್ರದ ತಾರೀಖು 1919ರದು. ಮರಣದ ಅಂಕಣದಲ್ಲಿ 1916ರ ಆಗಸ್ಟ್ ತಿಂಗಳ ಒಂದು ದಿನ, ಅದರ ಮುಂದೆ 'ಯುದ್ಧಕೈದಿಯಾಗಿದ್ದಾಗ' ಎಂಬರ್ಥದ ಎರಡು ಶಬ್ದ.

ಶಾಲೆಯ ವಹಿಯ 1918ರ ಜೂನ್ ಪುಟವನ್ನು ಇದರ ಪಕ್ಕದಲ್ಲಿಟ್ಟು ನೋಡಿದೆ. ಮಗನನ್ನು ಶಾಲೆಗೆ ಹಾಕುವಾಗ ತಂದೆ ಸತ್ತು ಎರಡು ವರ್ಷ ತುಂಬುತ್ತಿತ್ತು. ಆ ಅಷ್ಟೂ ಕಾಲ ಮುತ್ತಜ್ಜಿ ಕುಂಕುಮವಿಟ್ಟುಕೊಂಡಿದ್ದರು. ಮಾಸ್ತರರು ಕೇಳಿದಾಗ ಗಂಡ ಪಲಟಣದಲ್ಲಿದ್ದಾರೆ ಎಂದಿದ್ದರು. ಎರಡು ಕಾಗದಗಳಲ್ಲಿ ಯಾವುದೂ ಸುಳ್ಳಲ್ಲ. ನಾನು ಸೈನಿಕನ ಸೇವೆಯನ್ನು ಹುಡುಕಿ ಹೊರಟಿದ್ದೆ. ಈ ಕಾಗದಗಳು ತೋರಿಸುತ್ತಿದ್ದುದು ಅವನ ಸಾವಿಗೂ ಆ ಸಾವಿನ ಸುದ್ದಿಗೂ ನಡುವೆ ಈ ಮನೆ ಕಳೆದ ವರ್ಷಗಳನ್ನು.

ಪಲಟಣದ ಕಥೆಯನ್ನು ಆಮೇಲೆ ಕೂಡಿಸುವುದು ಕಷ್ಟವಾಗಲಿಲ್ಲ, ಏಕೆಂದರೆ ಪಲಟಣಗಳ ಚರಿತ್ರೆ ಸಿಪಾಯಿಗಳ ಚರಿತ್ರೆಯ ಹಾಗೆ ಚೆಲ್ಲಾಪಿಲ್ಲಿಯಾಗಿಲ್ಲ. 117ನೇ ಮರಾಠಾಸ್ 6ನೇ ಪುಣೆ ಡಿವಿಜನ್ನಿನ 16ನೇ ಬ್ರಿಗೇಡಿನಲ್ಲಿತ್ತು. 1914ರ ಅಕ್ಟೋಬರ್ 16ರಂದು ಮುಂಬೈಯಿಂದ ಹಡಗು ಹತ್ತಿದ ಆ ಬ್ರಿಗೇಡು ಬಹರೈನ್‌ನಲ್ಲಿ ಕಾದು, ನವೆಂಬರ್ 6ರಂದು ಇಂದಿನ ಇರಾಕಿನ ಶತ್ ಅಲ್ ಅರಬ್ ನದಿಯ ಮುಖದಲ್ಲಿರುವ ಫಾವ್‌ನಲ್ಲಿ ಇಳಿಯಿತು. ಅದೇ ತಿಂಗಳು ಬಸ್ರಾ ಕೈವಶವಾಯಿತು. ಮರುವರ್ಷ ಏಪ್ರಿಲ್‌ನಲ್ಲಿ ಶೈಬಾ, ಸೆಪ್ಟೆಂಬರಿನಲ್ಲಿ ಕುತ್, ನವೆಂಬರ್ 22ರಿಂದ ಬಾಗ್ದಾದಿನ ಹೊಸ್ತಿಲಲ್ಲಿ ಟೆಸಿಫಾನ್. ಅಲ್ಲಿಂದ ಮುಂದೆ ಹೋಗಲಾಗದೆ ಡಿವಿಜನ್ನಿನ ದಂಡನಾಯಕ ಜನರಲ್ ಟೌನ್ಸೆಂಡ್ ಸೈನ್ಯವನ್ನು ಕುತ್‌ಗೆ ಹಿಂತಿರುಗಿಸಿದ. ಡಿಸೆಂಬರ್ 7ರಂದು ತುರ್ಕರು ಊರನ್ನು ಮುತ್ತಿದರು.

ಟೈಗ್ರಿಸ್ ನದಿ ಮೂರು ಕಡೆ ಸುತ್ತಿಕೊಂಡ ಆ ಊರಿನೊಳಗೆ ಮುತ್ತಿಗೆ 1916ರ ಏಪ್ರಿಲ್ 29ರವರೆಗೆ ನಡೆಯಿತು. ಕೊನೆಯ ತಿಂಗಳುಗಳಲ್ಲಿ ಗುಂಡಿಗಿಂತ ಹೊಟ್ಟೆಯೇ ದೊಡ್ಡ ಶತ್ರುವಾಗಿತ್ತು. ಕುದುರೆ, ಹೇಸರಗತ್ತೆಗಳನ್ನು ಕಡಿದು ಹಂಚಿದಾಗ ಭಾರತೀಯ ಸಿಪಾಯಿಗಳಲ್ಲಿ ಹೆಚ್ಚಿನವರು ಮುಟ್ಟಲಿಲ್ಲ. ತಿನ್ನಲು ಅಡ್ಡಿಯಿಲ್ಲವೆಂದು ಭಾರತದ ಧರ್ಮಗುರುಗಳಿಂದ ಸಂದೇಶ ತರಿಸಿದರೂ ಬಹಳ ಕಾಲ ಒಪ್ಪಲಿಲ್ಲ. ಸೊಪ್ಪು ತರಕಾರಿ ಇಲ್ಲದೆ ಒಸಡು ಕೊಳೆಯುವ ಸ್ಕರ್ವಿ ರೋಗ ಅವರಲ್ಲಿ ಹರಡಿತು. ಅಕ್ಕಿ ಮೀನಿನ ಮನುಷ್ಯನೊಬ್ಬ ಬಾರ್ಲಿ ಹಿಟ್ಟಿನ ಮೇಲೆ ಆ ತಿಂಗಳುಗಳನ್ನು ಹೇಗೆ ಕಳೆದನೋ. ಏಪ್ರಿಲ್‌ನಲ್ಲಿ ವಿಮಾನಗಳಿಂದ ಆಹಾರದ ಮೂಟೆ ಎಸೆದರು, ಅದು ಸಾಲಲಿಲ್ಲ. 24ರ ರಾತ್ರಿ 270 ಟನ್ ಸಾಮಗ್ರಿ ಹೊತ್ತು ನದಿಯಲ್ಲಿ ನುಗ್ಗಿದ ಜುಲ್ನಾರ್ ಎಂಬ ಹಡಗು ದಾರಿಯಲ್ಲೇ ಸಿಕ್ಕಿಬಿತ್ತು. ಐದು ದಿನಗಳ ನಂತರ ಸುಮಾರು 13,000 ಜನ ಶರಣಾದರು. ಸಾಮಾನ್ಯ ಸಿಪಾಯಿಗಳನ್ನು ಕಾಲ್ನಡಿಗೆಯಲ್ಲಿ ಬಾಗ್ದಾದಿಗೆ, ಅಲ್ಲಿಂದ ಸಮಾರಾವರೆಗೆ ರೈಲಿನಲ್ಲಿ, ಮತ್ತೆ ಕಾಲ್ನಡಿಗೆಯಲ್ಲಿ ಮೋಸುಲ್ ಹಾದು ರಾಸ್ ಅಲ್ ಐನ್‌ವರೆಗೆ ಬೇಸಿಗೆಯ ಮರಳಿನಲ್ಲಿ ನಡೆಸಿದರು. ಭಾರತೀಯ ಕೈದಿಗಳಲ್ಲಿ ಬಹಳ ಜನರನ್ನು ಬಾಗ್ದಾದ್ ರೈಲುಮಾರ್ಗದ ಕೆಲಸಕ್ಕೆ ಹಚ್ಚಿದ್ದು ಈ ರಾಸ್ ಅಲ್ ಐನ್‌ನಲ್ಲಿ, ಇಂದಿನ ಸಿರಿಯಾ ಮತ್ತು ತುರ್ಕಿಯ ಗಡಿಯಲ್ಲಿ. ಸೆರೆಯಲ್ಲಿ ಸತ್ತವರ ಸುದ್ದಿ ಎಷ್ಟೋ ಮನೆಗಳಿಗೆ ಮುಟ್ಟಿದ್ದು 1918ರ ಅಕ್ಟೋಬರ್ 30ರಂದು ತುರ್ಕಿ ಯುದ್ಧವಿರಾಮಕ್ಕೆ ಸಹಿ ಹಾಕಿ, ಬದುಕಿದ್ದವರು ಹಿಂತಿರುಗಿದ ಮೇಲೆ.

ನಂಬರು ಪೂರ್ತಿಯಾದ ಮೇಲೆ, ಯುದ್ಧದಲ್ಲಿ ಸತ್ತವರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಆನ್‌ಲೈನ್ ಪಟ್ಟಿಯಲ್ಲಿ ಅವರು ಸಿಗಲು ಎರಡು ನಿಮಿಷ ಸಾಕಾಯಿತು. ಹೆಸರಿನ ಕಾಗುಣಿತ ನಾನು ಎಂದೂ ಊಹಿಸದಂಥದ್ದು. ತಂದೆಯ ಹೆಸರು, ಕಾರವಾರ, ಕೆನರಾ ಎಂಬ ವಿಳಾಸ ಮಾತ್ರ ಸರಿ. ದಿನಾಂಕ ಪಿಂಚಣಿ ಪತ್ರದ್ದೇ. ಸ್ಮಾರಕ: ಬಸ್ರಾ. ಸಮಾಧಿ ಇಲ್ಲದ 40,000ಕ್ಕೂ ಹೆಚ್ಚು ಜನರಿಗಾಗಿ 1929ರಲ್ಲಿ ಅನಾವರಣಗೊಂಡ ಆ ಸ್ಮಾರಕದ ಗೋಡೆಯ ಮೇಲೆ ಬ್ರಿಟಿಷರ ಹೆಸರುಗಳಿವೆ, ಭಾರತೀಯ ಅಧಿಕಾರಿಗಳ ಹೆಸರುಗಳಿವೆ. ಅವರಿಗಿಂತ ಕೆಳಗಿನ ಹುದ್ದೆಯ ಭಾರತೀಯ ಸಿಪಾಯಿಗಳು, ಮೂವತ್ತು ಸಾವಿರಕ್ಕೂ ಮಿಕ್ಕಿದವರು, ಪಲಟಣವಾರು ಸಂಖ್ಯೆಯಾಗಿ ಮಾತ್ರ ಕೆತ್ತಲ್ಪಟ್ಟಿದ್ದಾರೆ. ಈ ಭೇದವನ್ನು ಕಮಿಷನ್ ಒಪ್ಪಿಕೊಂಡು ಕ್ಷಮೆ ಕೇಳಿದ್ದು 2021ರಲ್ಲಿ. 1997ರಲ್ಲಿ ಇರಾಕ್ ಸರ್ಕಾರ ಇಡೀ ಸ್ಮಾರಕವನ್ನು ಕಿತ್ತು ನಾಸಿರಿಯಾ ರಸ್ತೆಯ ಮರುಭೂಮಿಗೆ ಸಾಗಿಸಿತು. ಅಲ್ಲಿಗೆ ಹೋಗಿ ಬರುವುದು ಈಗ ಸುಲಭವಲ್ಲ. ಪಂಜಾಬಿನವರಿಗೆ ಲಾಹೋರ್ ಸಂಗ್ರಹಾಲಯದಲ್ಲಿದ್ದ ಊರುವಾರು ವಹಿಗಳು ಸಿಕ್ಕಿ, ಸುಮಾರು 3,20,000 ಸೈನಿಕರ ವಿವರಗಳನ್ನು ಅಂತರ್ಜಾಲಕ್ಕೆ ಏರಿಸುವ ಕೆಲಸ ಅದೇ 2021ರಲ್ಲಿ ಶುರುವಾಯಿತು. ನಮ್ಮ ಹಳೆಯ ಮುಂಬೈ ಪ್ರಾಂತ್ಯದ ಮನೆಗಳಿಗೆ ಅಂಥದ್ದೊಂದು ವಹಿ ನನ್ನ ಕಣ್ಣಿಗೆ ಬಿದ್ದಿಲ್ಲ. ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿರುವ ಪಲಟಣಗಳ ಯುದ್ಧ ದಿನಚರಿಗಳನ್ನು ನಾನು ಓದಿದ ಮಟ್ಟಿಗೆ ಹೇಳುವುದಾದರೆ, ಅವುಗಳಲ್ಲಿ ಗಾಯಗೊಂಡ ಅಧಿಕಾರಿಗೆ ಹೆಸರಿರುತ್ತದೆ, ಸಿಪಾಯಿಗಳಿಗೆ ಸಂಖ್ಯೆ.

ಮಳೆ ಸ್ವಲ್ಪ ಹೊಳವಾದ್ದರಿಂದ ಸಂಜೆ ಬನವಾಸಿಯವರೆಗೆ ಹೋಗಿ ಬಂದೆ. ಈ ಸೀಮೆಯಲ್ಲಿ ಊರ ಹೊರಗೆ, ಕೆರೆ ಏರಿಯ ಮೇಲೆ, ಗದ್ದೆಯ ಅಂಚಿನಲ್ಲಿ ವೀರಗಲ್ಲುಗಳು ನಿಂತಿವೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಅವನು ಕುಳಿತಿರುವುದು. ಶಾಸನವಿರುವ ಕಲ್ಲುಗಳಲ್ಲಿ ಅವನ ಹೆಸರು, ಯಾರ ಮಗ, ಯಾವ ತುರುಗೋಳಿನಲ್ಲಿ ಸತ್ತ ಎಂಬುದೂ ಇರುತ್ತದೆ. ಹಸು ಕಾಯಲು ಹೋಗಿ ಸತ್ತ ಒಬ್ಬ ಊರಾಳಿಗೆ ನಡುಗಾಲದ ಹಳ್ಳಿ ಕೊಟ್ಟಷ್ಟು ವಿವರವನ್ನು, ಇಪ್ಪತ್ತನೆಯ ಶತಮಾನದ ಸಾಮ್ರಾಜ್ಯ ತನ್ನ ಸಿಪಾಯಿಗೆ ಕಲ್ಲಿನ ಮೇಲೆ ಕೊಡಲಿಲ್ಲ.

ಶುಕ್ರವಾರ, ಮತ್ತೆ ಕಾರವಾರ

ಬೆಳಗಿನ ಮೊದಲ ಬಸ್ಸಿಗೆ ಇಳಿದು ಬಂದೆ. ನಕಲು ಸಿದ್ಧವಾಗಿತ್ತು. ಒಂದು ಪುಟ ಎಂದುಕೊಂಡಿದ್ದೆ, ಎರಡಿದ್ದವು. ಮೊದಲನೆಯದು ವಾರಸಾ ನೋಂದಣಿ, 1919ರ ಮಾರ್ಚ್ ತಿಂಗಳದ್ದು: ಖಾತೆದಾರ ಲಡಾಯಿಯಲ್ಲಿ ಮಯತನಾದ್ದರಿಂದ ಅವನ ಅಜ್ಞಾನ (ಅಪ್ರಾಪ್ತ ವಯಸ್ಸಿನ) ಮಗನ ಹೆಸರಿಗೆ, ತಾಯಿಯನ್ನು ಪಾಲಕಳನ್ನಾಗಿಟ್ಟು, ಖಾತೆ ಮಾಡಿದೆ ಎಂದು. ಮರಣದ ಸರ್ಕಾರಿ ಪತ್ರ ಆಗ ಇನ್ನೂ ಕೈಸೇರಿರಲಿಲ್ಲ ಎಂದು ಕಾಣುತ್ತದೆ, ಏಕೆಂದರೆ ಶಾನುಭೋಗರು ಸಾಕ್ಷಿಯ ಜಬಾನಿ, ಅಂದರೆ ಬಾಯಿಮಾತಿನ ಹೇಳಿಕೆ, ಬರೆದುಕೊಂಡಿದ್ದಾರೆ. ಎರಡನೆಯ ಪುಟ ಅದು.

ಜಬಾನಿ ಕೊಟ್ಟವನು ನೆರೆಯ ಊರಿನವನು, ಅದೇ ಪಲಟಣದವನು, ಸೆರೆಯಿಂದ ಬಿಡುಗಡೆಯಾಗಿ ಬಂದವನು. ಹೇಳಿಕೆ ಒಂಬತ್ತು ಸಾಲು. ತಾವಿಬ್ಬರೂ ಕೂಡಿಯೇ ಕೈದಾದೆವು, ಕೂಡಿಯೇ ನಡೆದೆವು. ಶಾನುಭೋಗರ ಕೈಬರಹದಲ್ಲಿ 'ರಾಸಲಾಯನ' ಎಂದಿರುವ ಜಾಗದಲ್ಲಿ ರೇಲ್ವೆ ಮಣ್ಣು ಹೊರುವ ಕೆಲಸ ಕೊಟ್ಟರು. ಅಲ್ಲಿ ಜ್ವರ ಮತ್ತು ರಕ್ತಭೇದಿಯಾಗಿ ಎಂಟು ದಿನ ಮಲಗಿ ತೀರಿದ. ತಾನೂ ಇನ್ನಿಬ್ಬರೂ ಸೇರಿ ಮಣ್ಣು ಮಾಡಿದೆವು, ಸೌದೆ ಸಿಗಲಿಲ್ಲ. ಕೆಳಗೆ ಸಾಕ್ಷಿಯ ಹೆಬ್ಬೆಟ್ಟು, ಹಾಜರಿದ್ದವರೆಂದು ಊರಿನ ಇಬ್ಬರ ಸಹಿ, ಮತ್ತು ಮೃತನ ಹೆಂಡತಿಯ ಹೆಬ್ಬೆಟ್ಟು.

ಬಸ್ರಾದ ಸಂಖ್ಯೆಯಲ್ಲಿ ಒಂದಾಗಿ, ಪಿಂಚಣಿ ಪತ್ರದಲ್ಲಿ ಎರಡು ಶಬ್ದವಾಗಿ ಉಳಿದ ಮನುಷ್ಯನ ಕೊನೆಯ ದಿನಗಳು ಇದ್ದದ್ದು ಗದ್ದೆಯ ಕಾಗದದಲ್ಲಿ. ಸೇವಾ ದಾಖಲೆ ಎಂದರೆ ಸೈನ್ಯದ ದಾಖಲೆ ಎಂದು ತಿಳಿದು ನೇರ ಬೆಳಗಾವಿಗೋ ದೆಹಲಿಗೋ ಹೋಗುವವರು ಮೊದಲು ತಮ್ಮ ತಾಲ್ಲೂಕು ಕಚೇರಿಯ ಹಕ್ಕು ಬದಲಾವಣೆಯ ವಹಿಯನ್ನು ತೆಗೆಸಬೇಕು ಎಂದು ನಾನು ಈಗ ಖಚಿತವಾಗಿ ಹೇಳಬಲ್ಲೆ. ಆಸ್ತಿ ಅರ್ಧ ಎಕರೆಯೇ ಆಗಿರಲಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಆ ಕೊನೆಯ ಹೆಬ್ಬೆಟ್ಟು. ಮುತ್ತಜ್ಜಿ ಆ ಜಬಾನಿಯ ಹೊತ್ತಿಗೆ ಅಲ್ಲೇ ಕುಳಿತಿದ್ದರು. ಗಂಡ ಆಯುಧದಿಂದ ಸಾಯಲಿಲ್ಲ, ಭೇದಿಯಿಂದ ಸತ್ತ ಎಂಬುದನ್ನು ಕಣ್ಣಾರೆ ಕಂಡವನ ಬಾಯಿಂದಲೇ ಕೇಳಿದ್ದರು. ಹಾಗಿದ್ದೂ ಆ ವರ್ಷದ ಮಹಾಲಯದಲ್ಲಿ ಅವರು ಎಡೆ ಇಟ್ಟದ್ದು ಘಾತ ಚತುರ್ದಶಿಗೆ. ತಿಳಿಯದೆ ಮಾಡಿದ್ದಲ್ಲ, ಆರಿಸಿಕೊಂಡದ್ದು. ಮನೆಯ ಹೆಮ್ಮೆ ಉಳಿಸಲು ಹಾಗೆ ಮಾಡಿದರೇ, ಇಲ್ಲವೇ ಮುತ್ತಿಗೆಯೂ ಹಸಿವೂ ಮರಳಿನ ನಡಿಗೆಯೂ ಯುದ್ಧವೇ ಎಂದು ಅವರು ಲೆಕ್ಕ ಹಾಕಿದ್ದರೇ ಎಂಬುದನ್ನು ಯಾವ ಕಾಗದವೂ ಹೇಳುವುದಿಲ್ಲ. ನನಗೆ ಎರಡನೆಯದೇ ಸರಿ ಎನಿಸುತ್ತದೆ. ಯುದ್ಧಕೈದಿಯಾಗಿ ಸತ್ತವನಿಗೂ ಗುಂಡಿನಿಂದ ಸತ್ತವನಿಗೂ ಒಂದೇ ಫಲಕ ಕಳಿಸಿದ ಸರ್ಕಾರ ಕೂಡ ಈ ಒಂದು ವಿಷಯದಲ್ಲಿ ಅವರ ಜೊತೆಗೇ ಇತ್ತು.

ಅತ್ತೆಗೆ ಫೋನು ಮಾಡಿ ಜಬಾನಿಯನ್ನು ಓದಿ ಹೇಳಿದೆ. ಕೇಳಿ ಮುಗಿದ ಮೇಲೆ, ಮಣ್ಣು ಮಾಡಿದವರ ಹೆಸರು ಬರೆದಿದೆಯೇ ಎಂದು ಕೇಳಿದರು. ಬರೆದಿದೆ ಎಂದೆ. ಆ ಮನೆಗಳವರು ಈಗಲೂ ಊರಲ್ಲಿದ್ದಾರೆ, ಈ ಸಲದ ಚೌದಸಿಗೆ ಊಟಕ್ಕೆ ಹೇಳಬೇಕು ಎಂದರು.

ಮಧ್ಯಾಹ್ನ ಅಂಚೆ ಕಚೇರಿಯ ಮೇಜಿನ ಮೇಲೆ ಬೆಳಗಾವಿಗೆ ಅರ್ಜಿ ಬರೆದೆ: ನಂಬರು, ಹುದ್ದೆ, ಸರ್ಕಾರಿ ಪಟ್ಟಿಯಲ್ಲಿರುವ ಕಾಗುಣಿತದಲ್ಲೂ ಮನೆಯ ಕಾಗುಣಿತದಲ್ಲೂ ಹೆಸರು, ತಂದೆಯ ಹೆಸರು, ಊರು, ತಾಲ್ಲೂಕು, ಮರಣದ ದಿನಾಂಕ. ಕೇಳಿದ್ದು ಲಾಂಗ್ ರೋಲ್‌ನ ಒಂದು ಸಾಲು. ಅದರಲ್ಲಿ ಭರ್ತಿಯಾದ ತಾರೀಖು ಸಿಕ್ಕಿದರೆ ಸಾಕು, ಏಕೆಂದರೆ ಅವರು ಎಷ್ಟು ವರ್ಷದವರಿದ್ದಾಗ ಆಗಬೋಟು ಹತ್ತಿದರೆಂಬುದು ಇನ್ನೂ ತಿಳಿದಿಲ್ಲ. ಪಿಂಚಣಿ ಪತ್ರ, ವಾರಸಾ ನೋಂದಣಿ ಮತ್ತು ಜಬಾನಿಯ ಪ್ರತಿಗಳನ್ನು ಲಗತ್ತಿಸಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆ.